ಫೋರ್‌ಮನ್ನರೂ ಮಾಸ್ತರರೂ ಒಂದೇ ಬೆಂಚಿಗೆ ಕೂತಾಗ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಒಂದು ಸುತ್ತು ಹಾಕಿ. ಗೇಟುಗಳ ಮೇಲೆ ಬೋರ್ಡು ಕಾಣುತ್ತದೆ: 'ಟರ್ನರ್ ಬೇಕಾಗಿದ್ದಾರೆ', 'ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ'. ಅದೇ ದಿನ ರಾತ್ರಿ ಬೆಂಗಳೂರಿನ ಬಸ್ಸಿಗೆ ಕಾಯುತ್ತಾ ನಿಂತವರನ್ನು ನೋಡಿ. ಐಟಿಐ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕಿಕೊಂಡು ಹೊರಟ ನಮ್ಮದೇ ಹುಡುಗರು ಅಲ್ಲಿರುತ್ತಾರೆ. ಕೆಲಸ ಇಲ್ಲೇ ಇದೆ. ಹುಡುಗರೂ ಇಲ್ಲಿಯವರೇ. ಆದರೂ ತಾಳೆಯಾಗುತ್ತಿಲ್ಲ.

ಕಾರ್ಖಾನೆ ಮಾಲೀಕರನ್ನು ಕೇಳಿದರೆ, "ಹುಡುಗರು ಬರ್ತಾರ್ರೀ, ಆದ್ರ ಕೆಲಸಕ್ಕ ಬರಂಗಿಲ್ಲ" ಅನ್ನುತ್ತಾರೆ. ಹುಡುಗರನ್ನು ಕೇಳಿದರೆ, "ಅನುಭವ ಕೇಳ್ತಾರ್ರೀ, ಕೆಲಸಾನ ಕೊಡದ ಅನುಭವ ಎಲ್ಲಿಂದ ತರೂದು?" ಅನ್ನುತ್ತಾರೆ. ಇಬ್ಬರ ಮಾತೂ ನಿಜ. ಇದಕ್ಕೆ ಮದ್ದು ಅಂತ ಎಲ್ಲರೂ ಹೇಳುವುದು ಕಾಲೇಜು ಮತ್ತು ಉದ್ಯಮದ ಒಪ್ಪಂದ. ಆ ಒಪ್ಪಂದದ ಒಳಗೆ ನಿಜವಾಗಿ ಏನಿರಬೇಕು ಅನ್ನುವುದನ್ನು ಬಿಡಿಸಿ ಹೇಳುವವರು ಕಡಿಮೆ. ಇಲ್ಲಿ ಅದನ್ನೇ ಹೇಳಲು ಹೊರಟಿದ್ದೇನೆ.

ಮೊದಲು 'ಕೆಲಸಕ್ಕೆ ಬರುವುದಿಲ್ಲ' ಅಂದರೆ ಏನು ಅಂತ ನೋಡೋಣ. ಹುಬ್ಬಳ್ಳಿ ಕೈಗಾರಿಕಾ ವಾಲ್ವ್‌ಗಳಿಗೆ ಹೆಸರಾದ ಊರು. ಪೆಟ್ರೋಲಿಯಂ ಸಂಸ್ಕರಣಾ ಘಟಕ, ವಿದ್ಯುತ್ ಸ್ಥಾವರ, ನೀರಿನ ಪೈಪ್‌ಲೈನು, ಎಲ್ಲ ಕಡೆ ವಾಲ್ವ್ ಬೇಕು. ಫೌಂಡ್ರಿಯಿಂದ ಎರಕದ ಬಾಡಿ ಬರುತ್ತದೆ. ಅದನ್ನು ಲೇಥ್ ಅಥವಾ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್, ಮೇಲೆ ಕೂರಿಸಿ ಕೊರೆಯುತ್ತಾರೆ. ಒಳಗೆ ಕೂರುವ ಸೀಟನ್ನು ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡುತ್ತಾರೆ. ಆ ಉಜ್ಜುವ ಕೆಲಸಕ್ಕೆ ಲ್ಯಾಪಿಂಗ್ ಅನ್ನುತ್ತಾರೆ. ಕೊನೆಗೆ ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷೆ. 20 ಬಾರ್ ಒತ್ತಡಕ್ಕೆ ಮಾಡಿದ ವಾಲ್ವ್ ಇದ್ದರೆ ಅದರ ಬಾಡಿಗೆ ಒಂದೂವರೆ ಪಟ್ಟು, ಅಂದರೆ 30 ಬಾರ್ ಕೊಟ್ಟು ನೋಡುತ್ತಾರೆ. ಸೀಟಿಗೆ 1.1 ಪಟ್ಟು, 22 ಬಾರ್. ಎಲ್ಲಾದರೂ ಹನಿ ಕಂಡರೆ ಅಷ್ಟೂ ಜನರ ಕೆಲಸ ಹಾಳು.

ಈಗ ಒಬ್ಬ ಹುಡುಗ ಬರುತ್ತಾನೆ. ಅವನಿಗೆ ಮೈಕ್ರೋಮೀಟರ್ ಗೊತ್ತು. ಅದರ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಸಣ್ಣ ಅಳತೆ, 0.01 ಮಿಲಿಮೀಟರ್ ಅಂತ ಪರೀಕ್ಷೆಯಲ್ಲಿ ಸರಿಯಾಗಿ ಬರೆದಿದ್ದಾನೆ. 100 ಮಿಲಿಮೀಟರ್ ವ್ಯಾಸದ ಒಂದು ಉಕ್ಕಿನ ಜಾಬ್, ಅಂದರೆ ಮಷಿನ್ ಮೇಲೆ ಕೊರೆಯುವ ತುಂಡು, ಕೊಡುತ್ತಾರೆ. ಟಾಲರೆನ್ಸ್, ಅಂದರೆ ಅಳತೆ ತಪ್ಪಬಹುದಾದ ಮಿತಿ, 0.02 ಮಿಲಿಮೀಟರ್. ಅವನು ತಿರುಗಿಸುತ್ತಾನೆ, ಮಷಿನ್ ನಿಲ್ಲಿಸಿ ಕೂಡಲೇ ಅಳೆಯುತ್ತಾನೆ. ಅಳತೆ ಸರಿಯಾಗಿದೆ. ಒಂದು ತಾಸು ಬಿಟ್ಟು ತಪಾಸಣೆಯವರು ಅಳೆದರೆ ಕಡಿಮೆ ಬರುತ್ತದೆ. ಜಾಬ್ ರಿಜೆಕ್ಟ್.

ಏನಾಯ್ತು? ಕೊರೆಯುವಾಗ ಜಾಬ್ ಬಿಸಿಯಾಗುತ್ತದೆ. ಉಕ್ಕು ಒಂದು ಡಿಗ್ರಿ ಬಿಸಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಜಾಬ್ 30 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 100 ಮಿಲಿಮೀಟರಿಗೆ ಸುಮಾರು 0.036 ಮಿಲಿಮೀಟರ್ ಹಿಗ್ಗಿರುತ್ತದೆ. ತಣ್ಣಗಾದಾಗ ಅಷ್ಟೂ ಕುಗ್ಗುತ್ತದೆ. ಲೋಹ ಹಿಗ್ಗುವುದನ್ನು ಆ ಹುಡುಗ ಹೈಸ್ಕೂಲಿನಲ್ಲೇ ಓದಿದ್ದಾನೆ. ಮೈಕ್ರೋಮೀಟರನ್ನು ಐಟಿಐಯಲ್ಲಿ ಹಿಡಿದಿದ್ದಾನೆ. ಆದರೆ ಎರಡನ್ನೂ ಸೇರಿಸಿ 'ಬಿಸಿ ಜಾಬ್ ಅಳೆಯಬೇಡ' ಅಂತ ಯಾರೂ ಅವನಿಗೆ ಹೇಳಿಲ್ಲ. ಡಿಪ್ಲೊಮಾ ಮುಗಿಸಿ ಶಾಪ್ ಫ್ಲೋರಿಗೆ ಹೋದ ಮೊದಲ ವಾರದಲ್ಲೇ ನಾನು ಈ ಪಾಠ ಕಲಿತೆ. ನನಗೆ ಕಲಿಸಿದವರು ಏಳನೇ ಇಯತ್ತೆ ಓದಿದ್ದ ಹಿರಿಯ ಟರ್ನರ್ ಒಬ್ಬರು. ಅವರ ಋಣ ಇನ್ನೂ ಇದೆ.

ಹಾಗಾಗಿ ಹುಡುಗರಿಗೆ ಏನೂ ಬರುವುದಿಲ್ಲ ಅನ್ನುವುದು ತಪ್ಪು. ಬರುವುದನ್ನು ಕೆಲಸಕ್ಕೆ ಜೋಡಿಸುವ ಕೊಂಡಿ ಇಲ್ಲ. ಆ ಕೊಂಡಿ ಇರುವುದು ಫೋರ್‌ಮನ್ನರ ತಲೆಯಲ್ಲಿ. ಅದು ಪುಸ್ತಕಕ್ಕೂ ಬಂದಿಲ್ಲ, ಮಾಸ್ತರರಿಗೂ ತಲುಪಿಲ್ಲ.

ಸಿಲೆಬಸ್ ಅಲ್ಲ, ಜಾಬ್ ಬದಲಿಸಿ

ಇಲ್ಲಿ ಸಾಮಾನ್ಯವಾಗಿ ಬರುವ ಮಾತು: "ಸಿಲೆಬಸ್ ಹಳೆಯದು, ಬದಲಿಸಬೇಕು." ಆದರೆ ಐಟಿಐ ಪಠ್ಯಕ್ರಮ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದಿಂದ ಬರುತ್ತದೆ. ಪರೀಕ್ಷೆ ಇಡೀ ದೇಶಕ್ಕೆ ಒಂದೇ. ಡಿಪ್ಲೊಮಾದ್ದು ಬೆಂಗಳೂರಿನಲ್ಲಿ ತೀರ್ಮಾನ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಎಂಜಿನಿಯರಿಂಗ್ ಕಾಲೇಜುಗಳಿಗೆ ಬೆಳಗಾವಿಯಿಂದ ಬರುತ್ತದೆ. ಸ್ವಾಯತ್ತ ಕಾಲೇಜುಗಳು, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ತಮ್ಮದನ್ನು ತಾವೇ ಬದಲಿಸಬಹುದು. ಉಳಿದವರು ಕಾಯಬೇಕು. ಸಿಲೆಬಸ್ ಬದಲಾಗಿ, ಆ ಬ್ಯಾಚು ಓದಿ ಹೊರಬರುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಅಷ್ಟರಲ್ಲಿ ಕಾರ್ಖಾನೆಗೆ ಬೇರೆ ಮಷಿನ್ ಬಂದಿರುತ್ತದೆ.

ಹಾಗಾದರೆ ಸುಮ್ನೆ ಕೈಕಟ್ಟಿ ಕೂರಬೇಕೇ? ಬೇಕಿಲ್ಲ. ಸಿಲೆಬಸ್ಸಿನಲ್ಲಿ 'ಸ್ಟೆಪ್ ಟರ್ನಿಂಗ್ ಮಾಡು', ಅಂದರೆ ರಾಡನ್ನು ಬೇರೆ ಬೇರೆ ದಪ್ಪದ ಮೆಟ್ಟಿಲಾಗಿ ಕೊರೆ, ಅಂತ ಇರುತ್ತದೆ. ಯಾವ ವಸ್ತುವನ್ನು ತಿರುಗಿಸಬೇಕು ಅನ್ನುವಲ್ಲಿ ಮಾಸ್ತರರಿಗೆ ಜಾಗ ಇರುತ್ತದೆ. ಎಷ್ಟೋ ಕಡೆ ವರ್ಷಗಟ್ಟಲೆ ಅದೇ ಉದ್ದದ ರಾಡು, ಅದೇ ಮೂರು ಮೆಟ್ಟಿಲು. ಅದರ ಬದಲು ಹುಬ್ಬಳ್ಳಿಯದೇ ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಮಾಡುವ ವಾಲ್ವ್ ಸ್ಟೆಮ್, ಅಂದರೆ ವಾಲ್ವ್ ತೆರೆದು ಮುಚ್ಚುವ ದಂಡದ ಡ್ರಾಯಿಂಗ್ ತಂದು ಕೊಟ್ಟರೆ? ಮೆಟ್ಟಿಲು ಅದರಲ್ಲೂ ಇದೆ, ಥ್ರೆಡ್ಡೂ ಇದೆ, ಟಾಲರೆನ್ಸೂ ಇದೆ. ಸಿಲೆಬಸ್ ಒಂದಕ್ಷರ ಬದಲಾಗಿಲ್ಲ. ಕಲಿಕೆ ಮಾತ್ರ ಪೂರ್ತಿ ಬೇರೆ. ನನ್ನ ಕೇಳಿದರೆ, ಒಪ್ಪಂದದ ಮೊದಲ ಸಾಲು ಇದೇ ಇರಬೇಕು: ಕಾರ್ಖಾನೆಯವರು ತಮ್ಮ ಡ್ರಾಯಿಂಗುಗಳನ್ನೂ ಗುಜರಿಗೆ ಹಾಕುವ ಎರಕದ ತುಂಡುಗಳನ್ನೂ ವರ್ಕ್‌ಶಾಪಿಗೆ ಕೊಡಬೇಕು. ಖರ್ಚು ಹೆಚ್ಚೇನೂ ಇಲ್ಲ.

2022ರ ಜೂನ್‌ನಲ್ಲಿ ಕರ್ನಾಟಕದ 150 ಸರ್ಕಾರಿ ಐಟಿಐಗಳು ತಂತ್ರಜ್ಞಾನ ಕೇಂದ್ರಗಳಾಗಿ ಉದ್ಘಾಟನೆಯಾದವು. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮಾಡಿದ ಈ ಕೆಲಸದ ವೆಚ್ಚ ಸುಮಾರು 4,700 ಕೋಟಿ ರೂಪಾಯಿ. ದೊಡ್ಡ ಹೆಜ್ಜೆ, ಬೇಕಾಗಿದ್ದ ಹೆಜ್ಜೆ. ಆದರೆ ಹೊಸ ಸಿಎನ್‌ಸಿ ಬಂದ ಮೇಲೂ ಅದರ ಮೇಲೆ ಹಳೆಯ ಮೂರು ಮೆಟ್ಟಿಲಿನ ರಾಡೇ ತಿರುಗಿದರೆ ಆ ಕೋಟಿಗಳು ಪೂರ್ತಿ ಕೆಲಸಕ್ಕೆ ಬಂದಂತಾಗುವುದಿಲ್ಲ.

ಕೇಳುವ ಪ್ರಶ್ನೆ ಸರಿಯಿರಬೇಕು

ಕಾಲೇಜಿನವರು ಕಂಪನಿಗೆ ಹೋಗಿ "ನಿಮಗೆ ಎಂಥ ಹುಡುಗರು ಬೇಕು?" ಅಂತ ಕೇಳುತ್ತಾರೆ. ಉತ್ತರ ಯಾವಾಗಲೂ ಒಂದೇ: ಶಿಸ್ತು ಇರಬೇಕು, ಇಂಗ್ಲಿಷ್ ಬರಬೇಕು, ಕಲಿಯುವ ಆಸಕ್ತಿ ಇರಬೇಕು. ಇದರಿಂದ ಒಂದು ಪಾಠವನ್ನೂ ತಯಾರಿಸಲು ಆಗುವುದಿಲ್ಲ. ಬೇರೆ ಪ್ರಶ್ನೆ ಕೇಳಬೇಕು. "ಹೋದ ತಿಂಗಳು ಯಾವ ಜಾಬ್ ರಿಜೆಕ್ಟ್ ಆಯ್ತು? ಯಾಕೆ?" "ಹೊಸಬ ಬಂದರೆ ಅವನಿಗೆ ಮಷಿನ್ ಒಪ್ಪಿಸೋಕೆ ಎಷ್ಟು ದಿನ ಬೇಕು? ಅಷ್ಟು ದಿನ ಏನು ಕಲಿಸ್ತೀರಿ?" ಇದಕ್ಕೆ ಮ್ಯಾನೇಜರ್ ಹತ್ತಿರ ಉತ್ತರ ಸಿಗುವುದು ಕಷ್ಟ. ಫೋರ್‌ಮನ್ ಹತ್ತಿರ ಸಿಗುತ್ತದೆ.

ಇದನ್ನೇ ಒಂದು ಕ್ರಮವಾಗಿ ಮಾಡುವ ವಿಧಾನ 1960ರ ದಶಕದಲ್ಲಿ ಕೆನಡಾದಲ್ಲಿ ಬೆಳೆಯಿತು. ಹೆಸರು ಡೇಕಮ್. ಕೆಲಸದಲ್ಲಿ ಪಳಗಿದ ಏಳೆಂಟು ಜನರನ್ನು ಒಂದು ಕೋಣೆಯಲ್ಲಿ ಸುಮಾರು ಎರಡು ದಿನ ಕೂರಿಸುತ್ತಾರೆ. ಬೆಳಗ್ಗೆಯಿಂದ ಸಂಜೆವರೆಗೆ ತಾವು ಮಾಡುವ ಒಂದೊಂದು ಕೆಲಸವನ್ನೂ ಅವರು ಹೇಳುತ್ತಾ ಹೋಗುತ್ತಾರೆ. ಒಂದೊಂದನ್ನೂ ಒಂದೊಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. 'ಟೂಲ್ ಸವೆದಿದ್ದು ಸದ್ದಿನಿಂದ ಗುರುತಿಸುವುದು', 'ಆಫ್‌ಸೆಟ್ ತಿದ್ದುವುದು', 'ಶಿಫ್ಟ್ ಬದಲಾಗುವಾಗ ಮುಂದಿನವನಿಗೆ ಹೇಳಿ ಹೋಗುವುದು'. ಕೊನೆಗೆ ಗೋಡೆ ತುಂಬ ಚೀಟಿ. ಮಾಸ್ತರರು ಆ ಗೋಡೆಯ ಪಕ್ಕ ತಮ್ಮ ಸಿಲೆಬಸ್ ಹಿಡಿದು ನಿಲ್ಲಬೇಕು. ಯಾವುದು ಕಲಿಸುತ್ತಿದ್ದೇವೆ, ಯಾವುದು ಬಿಟ್ಟುಹೋಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಇದಕ್ಕೆ ದುಡ್ಡಿಗಿಂತ ಜಾಸ್ತಿ ಬೇಕಾದದ್ದು ಆ ಏಳೆಂಟು ಜನರ ಎರಡು ದಿನ. ಅಡ್ಡಿ ಬರುವುದು ಅಲ್ಲೇ. ಡೆಲಿವರಿ ಒತ್ತಡ ಇರುವಾಗ ಮಷಿನ್ ಹೊಂದಿಸಿಕೊಡುವ ಒಳ್ಳೆಯ ಸೆಟ್ಟರನ್ನು ಎರಡು ದಿನ ಬಿಡಲು ಯಾವ ಮಾಲೀಕರೂ ಸುಲಭಕ್ಕೆ ಒಪ್ಪುವುದಿಲ್ಲ.

ಒಪ್ಪಂದಕ್ಕೆ ಸಹಿ ಹಾಕುವವರು ಪ್ರಾಂಶುಪಾಲರು ಮತ್ತು ಕಂಪನಿಯ ನಿರ್ದೇಶಕರು. ಶಾಲು, ಹಾರ, ಫೋಟೊ ಆಗುತ್ತದೆ. ಆದರೆ ಕೆಲಸ ನಡೆಯಬೇಕಾದ್ದು ಫೋರ್‌ಮನ್ ಮತ್ತು ಮಾಸ್ತರರ ನಡುವೆ. ಅವರಿಬ್ಬರೂ ಆ ಸಮಾರಂಭದಲ್ಲಿ ಇರುವುದೇ ಇಲ್ಲ. ಒಪ್ಪಂದ ಗಟ್ಟಿಯೋ ಟೊಳ್ಳೋ ಅಂತ ತಿಳಿಯಲು ನಾನು ನೋಡುವುದು ಒಂದೇ. ತಿಂಗಳಿಗೆ ಇಷ್ಟು ತಾಸು ಇಂಥವರು ಬರುತ್ತಾರೆ ಅಂತ ಅದರಲ್ಲಿ ಬರೆದಿದೆಯೇ? ಮಾಸ್ತರರು ಬೇಸಿಗೆ ರಜೆಯಲ್ಲಿ ಎರಡು ವಾರ ಶಾಪ್ ಫ್ಲೋರಿನಲ್ಲಿ ನಿಲ್ಲುತ್ತಾರೆ ಅಂತ ಇದೆಯೇ? ಇಲ್ಲದಿದ್ದರೆ ಅದು ಫೋಟೊಕ್ಕೆ ಮಾತ್ರ.

ಇದು ಬರೀ ನನ್ನ ಅನುಮಾನ ಅಲ್ಲ. 2007ರಲ್ಲಿ ಕೇಂದ್ರ ಸರ್ಕಾರ 1,396 ಸರ್ಕಾರಿ ಐಟಿಐಗಳನ್ನು ಉದ್ಯಮದ ಜೊತೆಗಾರಿಕೆಯಲ್ಲಿ ಸುಧಾರಿಸಲು ಹೊರಟಿತು. ಒಂದೊಂದು ಐಟಿಐಗೂ 2.5 ಕೋಟಿ ರೂಪಾಯಿ ಬಡ್ಡಿಯಿಲ್ಲದ ಸಾಲ. ಉದ್ಯಮಿಯೊಬ್ಬರು ಮುಖ್ಯಸ್ಥರಾಗಿರುವ ನಿರ್ವಹಣಾ ಸಮಿತಿ. ಯೋಚನೆ ಬಹಳ ಚೆನ್ನಾಗಿತ್ತು. ಕೆಲವು ಕಡೆ ಕೆಲಸವೂ ಆಯಿತು. ಹಲವು ಕಡೆ ಸಮಿತಿ ಕಾಗದದ ಮೇಲೆ ಉಳಿಯಿತು, ದುಡ್ಡು ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತಿತು. ಈಗ 2025ರಲ್ಲಿ ಪಿಎಂ ಸೇತು ಎಂಬ ಹೊಸ ಯೋಜನೆ ಬಂದಿದೆ. 60,000 ಕೋಟಿ ರೂಪಾಯಿ, 1,000 ಐಟಿಐ. 200 ದೊಡ್ಡ ಕೇಂದ್ರಗಳು, ಅವುಗಳ ಸುತ್ತ 800 ಸಣ್ಣವು. ಇದರಲ್ಲೂ ಮುಂದಾಳತ್ವ ಉದ್ಯಮದ್ದೇ. ನಮ್ಮ ಭಾಗದ ಉದ್ಯಮಿಗಳು ಈ ಸಲ ಹೆಸರಿನ ಜೊತೆ ಸಮಯವನ್ನೂ ಕೊಡಬೇಕು ಅಂತ ನಾನು ಮನಸಾರೆ ಬಯಸುತ್ತೇನೆ.

ಅಪ್ರೆಂಟಿಸ್ ಲೆಕ್ಕ

ಕಾಲೇಜು ಮತ್ತು ಕಾರ್ಖಾನೆಯ ನಡುವಿನ ನಿಜವಾದ ಸೇತುವೆ ಅಪ್ರೆಂಟಿಸ್‌ಶಿಪ್, ಅಂದರೆ ಕಾರ್ಖಾನೆಯಲ್ಲೇ ಕೆಲಸ ಮಾಡುತ್ತಾ ಕಲಿಯುವುದು. ನಮ್ಮ ದೇಶದಲ್ಲಿ ಇದಕ್ಕೆ 1961ರಿಂದಲೇ ಕಾನೂನು ಇದೆ. 2019ರಲ್ಲಿ ತಿದ್ದಿದ ನಿಯಮದ ಪ್ರಕಾರ, 30 ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಸಂಸ್ಥೆ ತನ್ನ ಒಟ್ಟು ಬಲದ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಗುತ್ತಿಗೆಯವರೂ ಆ ಲೆಕ್ಕದಲ್ಲಿ ಸೇರುತ್ತಾರೆ. 4ರಿಂದ 29 ಜನ ಇದ್ದರೆ ಅದು ಐಚ್ಛಿಕ. ಅಂದರೆ ಗೋಕುಲ ರಸ್ತೆಯ ಹತ್ತು ಜನರ ಸಣ್ಣ ಮಷಿನ್ ಶಾಪ್ ಕೂಡ ಬೇಕಾದರೆ ಒಬ್ಬನನ್ನು ತೆಗೆದುಕೊಳ್ಳಬಹುದು. ಎಷ್ಟೋ ಮಾಲೀಕರಿಗೆ ಇದು ಗೊತ್ತೇ ಇಲ್ಲ.

ಖರ್ಚಿನ ಲೆಕ್ಕ ನೋಡಿ. ಅದೇ 2019ರ ನಿಯಮದಲ್ಲಿ ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ ಸ್ಟೈಪೆಂಡ್ ನಿಗದಿಯಾಯಿತು. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ಮೀರದಂತೆ, ಕೇಂದ್ರ ಸರ್ಕಾರ ಕೊಡುತ್ತದೆ. 7,000ದ ಕಾಲು ಭಾಗ 1,750. ಮಿತಿ ಇರುವುದರಿಂದ 1,500 ಸಿಗುತ್ತದೆ. ಮಾಲೀಕರ ಪಾಲಿಗೆ 5,500. ಡಿಪ್ಲೊಮಾ ಮತ್ತು ಪದವಿಯವರಿಗೆ ಬೇರೆ ಯೋಜನೆ. ಅದರಲ್ಲಿ ಕನಿಷ್ಠ ಸ್ಟೈಪೆಂಡಿನ ಅರ್ಧ ಸರ್ಕಾರದ್ದು. ಅಪ್ರೆಂಟಿಸ್ ಕಾನೂನಿನ ಕಣ್ಣಿನಲ್ಲಿ ಕಲಿಯುವವನು, ಕಾರ್ಮಿಕ ಅಲ್ಲ. ಹಾಗಾಗಿ ಪಿಎಫ್, ಇಎಸ್‌ಐ ಇಲ್ಲ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ.

ಈ ಕೊನೆಯ ಎರಡು ಮಾತು ಮಾಲೀಕರಿಗೆ ಅನುಕೂಲ. ಹುಡುಗರಿಗೆ ಅಪಾಯವೂ ಹೌದು. ಕಲಿಸುವ ಹೆಸರಿನಲ್ಲಿ ವರ್ಷವಿಡೀ ಬರೀ ಬರ್ರ್ (ಕೊರೆದ ಮೇಲೆ ಉಳಿಯುವ ಲೋಹದ ಚೂಪು ಅಂಚು) ಉಜ್ಜಿಸಿ, ಪ್ಯಾಕಿಂಗ್ ಮಾಡಿಸಿ ಕಳಿಸಿದರೆ ಅದು ಅನ್ಯಾಯ. ಇದಕ್ಕೆ ತಡೆ ಒಂದೇ. ಯಾವ ತಿಂಗಳು ಯಾವ ಮಷಿನ್ ಮೇಲೆ ಏನು ಕಲಿಯಬೇಕು ಅನ್ನುವ ಪಟ್ಟಿ ಮೊದಲೇ ಇರಬೇಕು. ಕಾಲೇಜಿನವರು ಬಂದು ಅದನ್ನು ನೋಡಬೇಕು. ಐಟಿಐಗಳಲ್ಲಿ 2016ರಿಂದ ಇರುವ ದ್ವಂದ್ವ ತರಬೇತಿ ಪದ್ಧತಿಯ ಹುರುಳೂ ಇದೇ. ಓದು ಸಂಸ್ಥೆಯಲ್ಲಿ, ಕೈಕೆಲಸದ ಒಂದು ಭಾಗ ಕಾರ್ಖಾನೆಯಲ್ಲಿ, ಲೆಕ್ಕ ಇಬ್ಬರದ್ದೂ.

ನಮ್ಮೂರಿನಲ್ಲೇ ಇದರ ಬೇರೆ ಬೇರೆ ರೂಪ ಕಾಣಬಹುದು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ ಅಪ್ರೆಂಟಿಸರನ್ನು ತೆಗೆದುಕೊಳ್ಳುತ್ತದೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್ 1, ಅಂದರೆ ಮೊದಲ ಹಂತದ ನೇಮಕಾತಿಯಲ್ಲಿ ಶೇಕಡಾ 20ರಷ್ಟು ಹುದ್ದೆ ಮೀಸಲು. ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಅದರ ಶಾಖೆ ಹುಬ್ಬಳ್ಳಿಯಲ್ಲೂ ಇದೆ. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆ. ಆ ಕೇಂದ್ರವೇ ಹೊರಗಿನ ಆರ್ಡರ್ ಹಿಡಿದು ಟೂಲ್ ಮಾಡಿಕೊಡುತ್ತದೆ. ಹುಡುಗರು ಗಿರಾಕಿಗೆ ಹೋಗುವ ನಿಜವಾದ ಕೆಲಸದ ಹತ್ತಿರ ನಿಂತು ಕಲಿಯುತ್ತಾರೆ. ತಪ್ಪಿದರೆ ಅಂಕ ಮಾತ್ರ ಹೋಗುವುದಿಲ್ಲ, ಗಿರಾಕಿಯೂ ಹೋಗುತ್ತಾನೆ ಅನ್ನುವ ಎಚ್ಚರ ಆಗಲೇ ಬರುತ್ತದೆ. ಧಾರವಾಡದಲ್ಲಿ ಎನ್‌ಟಿಟಿಎಫ್, ಅಂದರೆ ನೆಟ್ಟೂರು ತಾಂತ್ರಿಕ ತರಬೇತಿ ಪ್ರತಿಷ್ಠಾನ, ಇದೆ. 1959ರಲ್ಲಿ ಕೇರಳದ ನೆಟ್ಟೂರಿನಲ್ಲಿ ಸ್ವಿಸ್ ನೆರವಿನಿಂದ ಹುಟ್ಟಿದ ಸಂಸ್ಥೆ ಅದು.

ಮಿರ್ಚಿ, ಗಾಳಿ, ಬೇರೆ ಊರಿನ ಮಾತು

ಎಲ್ಲ ಕಡೆ ವಾಲ್ವ್ ಇಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಬನ್ನಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಬೆಲೆ ಇರುವುದು ಖಾರದಲ್ಲಿ ಅಲ್ಲ, ಬಣ್ಣದಲ್ಲಿ. ಆ ಬಣ್ಣ ಅಳೆಯುವ ಮಾನಕ್ಕೆ ಆಸ್ಟಾ ಅನ್ನುತ್ತಾರೆ. ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಬಂದ ಕೆಂಪು ದ್ರಾವಣ 460 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ನೋಡುತ್ತಾರೆ. ಬಂದ ಅಂಕಿಯನ್ನು 16.4ರಿಂದ ಗುಣಿಸಿ, ಪುಡಿಯ ತೂಕದಿಂದ ಭಾಗಿಸುತ್ತಾರೆ.

ರಸಾಯನಶಾಸ್ತ್ರದ ಬಿಎಸ್ಸಿ ಓದುವವರಿಗೆ ಬೆಳಕು ಹೀರುವ ಈ ನಿಯಮ ಪಾಠದಲ್ಲಿ ಇದ್ದೇ ಇದೆ. ಪ್ರಯೋಗವನ್ನೂ ಮಾಡುತ್ತಾರೆ, ಯಾವುದೋ ಬಣ್ಣದ ಲವಣದ ಮೇಲೆ. ಅದೇ ಪ್ರಯೋಗಕ್ಕೆ ಮಾರುಕಟ್ಟೆಯಿಂದ ಹತ್ತು ಚೀಲದ ಮಾದರಿ ತಂದರೆ? ಆ ವಿದ್ಯಾರ್ಥಿನಿ ಮಸಾಲೆ ಕಂಪನಿಯ ಪ್ರಯೋಗಾಲಯಕ್ಕೆ ಹೋದ ದಿನವೇ ಕೈಯಾಡಿಸಬಲ್ಲಳು. ವರ್ತಕರಿಗೂ ತಮ್ಮ ಮಾಲಿನ ಬಣ್ಣ ಎಷ್ಟು ಅಂತ ತಿಳಿಯುತ್ತದೆ. ಉದ್ಯಮದ ಜೊತೆಗಾರಿಕೆ ಅಂದ ಕೂಡಲೇ ಎಂಜಿನಿಯರಿಂಗ್ ಕಾಲೇಜೇ ನೆನಪಾಗುತ್ತದೆ ಅಲ್ವಾ? ಆದರೆ ಊರಿನ ಬಿಎಸ್ಸಿ, ಬಿಕಾಂ ಕಾಲೇಜುಗಳಿಗೇ ಇದರ ಅಗತ್ಯ ಇನ್ನೂ ಜಾಸ್ತಿ ಅನ್ನುವುದು ನನ್ನ ಅನಿಸಿಕೆ.

ಗದಗ ಜಿಲ್ಲೆಯಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಐಟಿಐ ಎಲೆಕ್ಟ್ರಿಷಿಯನ್ ಹುಡುಗನಿಗೆ ಮೋಟಾರು, ಪ್ಯಾನೆಲ್ ಗೊತ್ತು. ಗಾಳಿಯಂತ್ರಕ್ಕೆ ಅದರ ಜೊತೆ ಹೈಡ್ರಾಲಿಕ್ಸ್ ಬೇಕು. ಎತ್ತರದಲ್ಲಿ ಬೆಲ್ಟ್ ಕಟ್ಟಿಕೊಂಡು ಕೆಲಸ ಮಾಡುವ ಅಭ್ಯಾಸ ಬೇಕು. ರಿಪೇರಿಗೆ ಮುಂಚೆ ಸ್ವಿಚ್ಚಿಗೆ ಬೀಗ ಹಾಕಿ ಚೀಟಿ ಕಟ್ಟುವ ಶಿಸ್ತು ಬೇಕು. ಇದು ಎರಡು ವರ್ಷದ ಹೊಸ ಕೋರ್ಸ್ ಅಲ್ಲ. ಕೆಲವು ವಾರಗಳ ಸೇರ್ಪಡೆ. ಊರಿನ ಹುಡುಗನಿಗೆ ಅದು ಸಿಗದಿದ್ದರೆ ಗುಡ್ಡದ ಮೇಲಿನ ಆ ಕೆಲಸಕ್ಕೆ ಬೇರೆ ಕಡೆಯಿಂದ ಜನ ಬರುತ್ತಾರೆ.

ಸಣ್ಣ ಘಟಕಗಳ ಒಂದು ಭಯವನ್ನೂ ಹೇಳಬೇಕು. "ನಾವು ಕಲಿಸ್ತೀವ್ರಿ, ಕಲಿತ ಮ್ಯಾಲೆ ದೊಡ್ಡ ಕಂಪನಿ ಎಳಕೊಂಡು ಹೋಗ್ತದ." ಧಾರವಾಡದ ಹತ್ತಿರದ ಬೇಲೂರು, ಮುಮ್ಮಿಗಟ್ಟಿಯ ದೊಡ್ಡ ಕಾರ್ಖಾನೆಗಳ ಮುಂದೆ ಹತ್ತು ಜನರ ಘಟಕ ಸಂಬಳದಲ್ಲಿ ಪೈಪೋಟಿ ಕೊಡಲಾರದು. ಜರ್ಮನಿಯವರು ಇದನ್ನು ವಾಣಿಜ್ಯ ಮಂಡಳಿಗಳ ಮೂಲಕ ನಿಭಾಯಿಸುತ್ತಾರೆ. ಅಲ್ಲಿ 1969ರ ಕಾನೂನಿನ ಪ್ರಕಾರ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವುದು ಕಾಲೇಜಲ್ಲ, ಉದ್ಯಮದವರದ್ದೇ ಮಂಡಳಿ. ಎಲ್ಲ ಕಂಪನಿಗಳೂ ಅದರ ಸದಸ್ಯರು. ಹಲವರು ಕಲಿಸುವುದರಿಂದ ಒಬ್ಬರು ಕಳೆದುಕೊಂಡರೂ ಇನ್ನೊಬ್ಬ ಕಲಿತವನು ಸಿಗುತ್ತಾನೆ. ನಮ್ಮಲ್ಲಿ ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ, ಸಣ್ಣ ಕೈಗಾರಿಕೆಗಳ ಸಂಘಗಳು ಐದಾರು ಘಟಕಗಳನ್ನು ಒಂದು ಐಟಿಐಗೆ ಜೋಡಿಸಬಹುದು. ಒಂದು ಘಟಕ ಲೇಥ್ ಕಲಿಸಲಿ, ಇನ್ನೊಂದು ಲ್ಯಾಪಿಂಗ್, ಮತ್ತೊಂದು ಟೆಸ್ಟಿಂಗ್. ಹುಡುಗನಿಗೂ ಒಂದೇ ಕಂಪನಿಗೆ ಕಟ್ಟುಬೀಳದ ಕಸುಬು ಸಿಗುತ್ತದೆ.

ಇನ್ನೊಂದು ಮಾತು ನೇರವಾಗಿಯೇ ಹೇಳುತ್ತೇನೆ. 'ಕೌಶಲದ ಕೊರತೆ' ಅಂತ ಕರೆಯುವುದರಲ್ಲಿ ಒಂದು ಪಾಲು ಸಂಬಳದ ಕೊರತೆ. ಇನ್ನೊಂದು ಪಾಲು ಬಸ್ಸಿನ ಕೊರತೆ. ಕಲಘಟಗಿಯ ಹಳ್ಳಿಯ ಹುಡುಗಿ ಮಷಿನಿಸ್ಟ್ ಕಲಿತಿದ್ದಾಳೆ ಅಂದುಕೊಳ್ಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ ಟಿಕೆಟ್ ಉಚಿತ. ಆದರೆ ಎರಡನೇ ಶಿಫ್ಟ್ ರಾತ್ರಿ ಬಿಟ್ಟಾಗ ಹಳ್ಳಿಗೆ ಬಸ್ಸೇ ಇಲ್ಲದಿದ್ದರೆ ಟಿಕೆಟ್ ಉಚಿತವಾಗಿ ಏನು ಬಂತು? ಒಪ್ಪಂದದ ಮೇಜಿಗೆ ಕೂತಾಗ ಶಿಫ್ಟಿನ ವೇಳೆ, ಹಾಸ್ಟೆಲ್, ಸಾರಿಗೆ ಸಂಸ್ಥೆಯ ಬಸ್ಸಿನ ವೇಳಾಪಟ್ಟಿ ಇವೂ ಮಾತಿಗೆ ಬರಬೇಕು. ಎಷ್ಟು ಚೆನ್ನಾಗಿ ಕಲಿಸಿದರೂ ಗೇಟಿನವರೆಗೆ ಬರಲಾಗದವಳು ಕೆಲಸಕ್ಕೆ ಸಿಗುವುದಿಲ್ಲ.

ಈ ವರ್ಷ ಮಗನನ್ನೋ ಮಗಳನ್ನೋ ಐಟಿಐ, ಡಿಪ್ಲೊಮಾಕ್ಕೆ ಸೇರಿಸುವ ತಂದೆ ತಾಯಂದಿರೇ, ಪ್ರವೇಶದ ದಿನ ಕಟ್ಟಡ ನೋಡುವ ಜೊತೆಗೆ ಸೀದಾ ವರ್ಕ್‌ಶಾಪಿಗೂ ಹೋಗಿ. ಎರಡನೇ ವರ್ಷದವರು ಏನು ಮಾಡುತ್ತಿದ್ದಾರೆ ನೋಡಿ, ಅದರ ಡ್ರಾಯಿಂಗ್ ಯಾವ ಕಾರ್ಖಾನೆಯದು ಕೇಳಿ. ಮಾಸ್ತರರು ಕೊನೆಯ ಸಲ ಶಾಪ್ ಫ್ಲೋರಿನಲ್ಲಿ ನಿಂತದ್ದು ಯಾವಾಗ ಅಂತಲೂ ಮರ್ಯಾದೆಯಿಂದಲೇ ಕೇಳಬಹುದು. ಹೋದ ಬ್ಯಾಚಿನಲ್ಲಿ ಎಷ್ಟು ಜನ ಈಗ ಅಪ್ರೆಂಟಿಸ್ ಆಗಿದ್ದಾರೆ, ಎಲ್ಲಿ, ಅದನ್ನು ಬರೆದುಕೊಳ್ಳಿ. ಮುಂದೆ ಅಪ್ರೆಂಟಿಸ್‌ಶಿಪ್ಪಿಗೆ ಸೇರುವಾಗ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿಯಾದ ಕರಾರು ಇದೆಯೇ ನೋಡಿ. ಅದರಲ್ಲಿ ಟ್ರೇಡಿನ ಹೆಸರು, ಅವಧಿ, ಸ್ಟೈಪೆಂಡ್ ಮೂರೂ ಇರುತ್ತವೆ. ಸ್ಟೈಪೆಂಡ್ ನಗದಾಗಿ ಕೈಗಲ್ಲ, ಹುಡುಗನ ಬ್ಯಾಂಕ್ ಖಾತೆಗೆ ಬರಬೇಕು. ಕರಾರಿನ ಒಂದು ಪ್ರತಿ ಮನೆಯಲ್ಲಿರಲಿ.